ಗಾಲಿಕುರ್ಚಿಯ ಕಂಟ್ರೋಲರ್ ಬದಲಿಸಬೇಕೆ?

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ತಂದೆಯವರ ವಿದ್ಯುತ್ ಗಾಲಿಕುರ್ಚಿ ಬೆಳಿಗ್ಗೆ ಹೊರಡುವುದೇ ಇಲ್ಲ. ಚಾರ್ಜರ್ ಕಿತ್ತಿದ್ದರೂ ಜಾಯ್‌ಸ್ಟಿಕ್ ಮೇಲೆ ಚಾರ್ಜಿಂಗ್ ಸೂಚನೆ ಉಳಿದಿರುತ್ತದೆ. ಬೆನ್ನೊರಗನ್ನು ಪೂರ್ತಿ ಬಾಗಿಸಿದಾಗಲೂ ಹೀಗೆಯೇ ನಿಲ್ಲುತ್ತದೆ. ಕಂಟ್ರೋಲರ್ ಕೆಟ್ಟಿದೆಯೇ? – ಓದುಗರು, ತೀರ್ಥಹಳ್ಳಿ

ಉತ್ತರ: ದುಬಾರಿ ಕಂಟ್ರೋಲರ್‌ಗೆ ಈಗಲೇ ಕೈಹಾಕಬೇಡಿ. ಜಾಯ್‌ಸ್ಟಿಕ್ ಪೆಟ್ಟಿಗೆಯಲ್ಲಿರುವ ಮೂರು ಪಿನ್ನಿನ ಚಾರ್ಜಿಂಗ್ ಸಾಕೆಟ್‌ನಲ್ಲಿ ಸಾಮಾನ್ಯವಾಗಿ ಎರಡು ಪಿನ್ನುಗಳು ಬ್ಯಾಟರಿಯ ಧನ ಮತ್ತು ಋಣ ತುದಿಗಳಿಗೆ ಸೇರಿದ್ದು, ಮೂರನೆಯದು ಚಾರ್ಜರ್ ಚುಚ್ಚಿರುವಾಗ ಕುರ್ಚಿ ಓಡದಂತೆ ತಡೆಯಲೆಂದೇ ಇರುತ್ತದೆ. ಈ ಮೂರನೆಯ ಪಿನ್ನಿಗೂ ಋಣ ಪಿನ್ನಿಗೂ ನಡುವೆ ಮಲೆನಾಡಿನ ಥಂಡಿಯಿಂದ ತೇವವೋ ಹಸಿರು ಕಿಲುಬೋ ಕೂತರೆ, ಚಾರ್ಜರ್ ಇನ್ನೂ ಇದೆಯೆಂದೇ ಕಂಟ್ರೋಲರ್ ಭಾವಿಸುತ್ತದೆ. ಕುರ್ಚಿಯನ್ನು ಆಫ್ ಮಾಡಿ, ಬ್ಯಾಟರಿಯ ಕನೆಕ್ಟರ್ ಬಿಚ್ಚಿ, ಟಾರ್ಚ್ ಬಿಟ್ಟು ಸಾಕೆಟ್ಟಿನೊಳಗೆ ನೋಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪೂರ್ತಿ ಒಣಗಲು ಬಿಡಿ. ಜಾಯ್‌ಸ್ಟಿಕ್ ಬುಡದ ರಬ್ಬರ್ ಹೊದಿಕೆ ಹರಿದಿದ್ದರೆ ಅದನ್ನು ಮೊದಲು ಬದಲಿಸಿ, ಇಲ್ಲವಾದರೆ ಆಗುಂಬೆ ಕಡೆಯ ಮಳೆಗೆ ಈ ದುರಸ್ತಿ ವಾರವೂ ಬಾಳದು.

ಒರಗಿನದು ಬಹುಶಃ ದೋಷವೇ ಅಲ್ಲ. ಕುರ್ಚಿ ಮಗುಚದಿರಲೆಂದು, ನಿಗದಿತ ಕೋನ ದಾಟಿದೊಡನೆ ಸೀಟಿನಡಿಯ ಸ್ವಿಚ್ಚು ಓಟವನ್ನು ನಿಲ್ಲಿಸುತ್ತದೆ ಅಥವಾ ನಿಧಾನಗೊಳಿಸುತ್ತದೆ. ಅದರ ತಂತಿಯನ್ನು ಜೋಡಿಸಿ ಸ್ವಿಚ್ಚನ್ನು ತಪ್ಪಿಸುವ ಮೆಕ್ಯಾನಿಕ್ಕುಗಳೂ ಇದ್ದಾರೆ, ಒಪ್ಪಬೇಡಿ. ನೇರವಾಗಿ ಕೂರಿಸಿದಾಗಲೂ ಓಡದಿದ್ದರೆ ಮಾತ್ರ ಆ ತಂತಿ ಎಲ್ಲಿಯಾದರೂ ಸಿಕ್ಕಿ ಜಜ್ಜಿದೆಯೇ ಎಂದು ಪರಿಶೀಲಿಸಿ.

ಬ್ಯಾಟರಿ ಬದಲಿಸುವ ಬಗ್ಗೆ ಒಂದು ಮಾತು: ಕುರ್ಚಿಯಲ್ಲಿರುವುದು ಸರಣಿಯಲ್ಲಿ ಜೋಡಿಸಿದ 12 ವೋಲ್ಟಿನ ಎರಡು ಬ್ಯಾಟರಿಗಳಾದರೆ, ಎರಡನ್ನೂ ಒಟ್ಟಿಗೇ ಬದಲಿಸಬೇಕು.