ವೆಸ್ಟ್ ಅನ್ನೋ ಊರು ಪಶ್ಚಿಮದಲ್ಲಿಲ್ಲ ಯಾಕೆ?

ಟೆಕ್ಸಸ್‌ನ ವೆಸ್ಟ್ ಊರು ನಕ್ಷೆಯಲ್ಲಿ ಪಶ್ಚಿಮಕ್ಕಿಲ್ಲ, ಮತ್ತೆ ಆ ಹೆಸರು ಯಾಕೆ ಅಂತ ಕೇಳಿದ್ದೀರಿ. ದಿಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಅಲ್ಲಿನ ಮೊದಲ ಪೋಸ್ಟ್‌ಮಾಸ್ಟರ್ ಟಿ.ಎಂ. ವೆಸ್ಟ್ ಅವರ ಹೆಸರು, ಅಷ್ಟೇ. 1880ರ ದಶಕದ ಶುರುವಿನಲ್ಲಿ ‘ಕೇಟಿ’ ರೈಲು ಕಂಪನಿ ಹಳಿ ಹಾಕಿದ ಮೇಲೆ ಊರು ಬೆಳೆಯಿತು. ಎರೆ ಮಣ್ಣು, ಹತ್ತಿ ಬೆಳೆ. ಜಮೀನು ಹುಡುಕಿಕೊಂಡು ಚೆಕ್ ರೈತರು ಬಂದು ನೆಲೆಸಿದರು. ಅವರ ಕೊಲಾಚೆ, ಅಂದರೆ ನಡುವೆ ಹಣ್ಣಿನ ಪಾಕ ತುಂಬಿದ ಮೆತ್ತನೆ ಬನ್ನು, ಇವತ್ತಿಗೂ ಅಲ್ಲಿನ ಬೇಕರಿಗಳಲ್ಲಿ ಸಿಗುತ್ತದೆ.

ನೀವು ಕೇಳದಿದ್ದರೂ ರೈಲಿನ ಕಥೆ ಹೇಳಲೇಬೇಕು. 1896ರ ಸೆಪ್ಟೆಂಬರ್ 15ರಂದು ಊರಿನ ದಕ್ಷಿಣದ ಬಯಲಲ್ಲಿ ಅದೇ ಕೇಟಿ ಕಂಪನಿಯವರು ಎರಡು ಹಳೇ ಎಂಜಿನ್‌ಗಳನ್ನು ಬೇಕಂತಲೇ ಡಿಕ್ಕಿ ಹೊಡೆಸಿದರು. ಸುಮ್ನೆ ಜಾಹೀರಾತಿಗೆ! ಒಂದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಸುಮಾರು 40,000 ಜನ ಸೇರಿದ್ದರು. ಬಾಯ್ಲರ್ ಸಿಡಿಯಲ್ಲ ಅಂದಿದ್ದರು. ಎರಡೂ ಸಿಡಿದವು. ಕಬ್ಬಿಣದ ಚೂರು ಬಡಿದು ಕೆಲವರು ಸತ್ತರು, ಫೋಟೋ ತೆಗೆಯುತ್ತಿದ್ದವರ ಒಂದು ಕಣ್ಣೇ ಹೋಯಿತು. ಈ ಐಡಿಯಾ ಕೊಟ್ಟವರು ವಿಲಿಯಂ ಕ್ರಷ್ (ಹೆಸರು ನೋಡಿ!). ಕಂಪನಿ ಅವರನ್ನು ಕೆಲಸದಿಂದ ತೆಗೆದು, ಬೇಗನೇ ವಾಪಸ್ ಸೇರಿಸಿಕೊಂಡಿತು. ಪ್ರಚಾರವಂತೂ ಜಾಸ್ತಿನೇ ಸಿಕ್ಕಿತ್ತಲ್ವಾ.