ಬರ್ಲಿನ್‌ನಲ್ಲಿ ಮಗಳ ಹುಟ್ಟುಹಬ್ಬದ ರಾತ್ರಿ

ಪ್ರಶ್ನೆ: ಬರ್ಲಿನ್‌ನಲ್ಲಿ ಎಂ.ಎಸ್. ಓದುತ್ತಿರುವ ಮಗಳು, ನವೆಂಬರ್‌ನ ಒಂದು ಶುಕ್ರವಾರ ಬರುವ ತನ್ನ ಹುಟ್ಟುಹಬ್ಬಕ್ಕೆ ಗೆಳತಿಯರನ್ನು ರಾತ್ರಿ ಹೋಟೆಲ್ ಊಟಕ್ಕೆ ಕರೆದಿದ್ದಾಳೆ. ಖರ್ಚೆಲ್ಲ ಅವಳದೇ, ಮನೆ ಸೇರುವಾಗ ನಡುರಾತ್ರಿ ದಾಟುತ್ತದಂತೆ. ಬೇಡವೆನ್ನಲೇ?
– ಒಬ್ಬ ತಾಯಿ, ಹಾಸನ

ಉತ್ತರ: ದಯವಿಟ್ಟು ಬೇಡವೆನ್ನಬೇಡಿ, ತಾಯಿ. ನಮ್ಮ ಮಕ್ಕಳು ಹುಟ್ಟಿದ ದಿನ ಶಾಲೆಗೆ ಚಾಕೊಲೇಟ್ ಒಯ್ದು ಹಂಚುವಂತೆ, ಜರ್ಮನಿಯಲ್ಲಿ ಹುಟ್ಟುಹಬ್ಬದವರೇ ಗೆಳೆಯರಿಗೆ ಊಟ ಹಾಕಿಸುವುದು ಸಾಮಾನ್ಯ ರೂಢಿ. ಆದ್ದರಿಂದ ಯಾರೋ ಅವಳನ್ನು ಬಳಸಿಕೊಳ್ಳುತ್ತಿದ್ದಾರೆಂದು ತಿಳಿಯಬೇಕಿಲ್ಲ. ಎಷ್ಟು ಜನರನ್ನು ಕರೆಯುವುದೆಂಬುದನ್ನು ಮಾತ್ರ ಅವಳ ತಿಂಗಳ ಖರ್ಚು ನೋಡಿ ನಿರ್ಧರಿಸಲಿ.

ಸುರಕ್ಷತೆಯ ಬಗ್ಗೆ ನಿಮಗಿರುವ ಕಳವಳ ಸಹಜವಾದದ್ದೇ. ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಲ್ಲಿ ಬರ್ಲಿನ್‌ನ ಮೆಟ್ರೊ ರೈಲುಗಳು ಬೆಳಗಿನವರೆಗೂ ಓಡುತ್ತವೆ. ಉಳಿದ ರಾತ್ರಿಗಳಲ್ಲಿ ಬಸ್ಸುಗಳಿವೆ. ಒಬ್ಬಳೇ ಹೊರಡದೆ ಅದೇ ದಾರಿಯ ಗೆಳತಿಯೊಡನೆ ಹಿಂದಿರುಗಲಿ, ಮೊಬೈಲ್ ಚಾರ್ಜ್ ಇರಲಿ, ತುರ್ತಿಗೆ 112 ಎಂಬುದು ನೆನಪಿರಲಿ.

ಇನ್ನೊಂದು ಮಾತು, ಅದು ನೀವು ಹಾರೈಸುವ ಹೊತ್ತಿನದು. ಹುಟ್ಟುಹಬ್ಬಕ್ಕೆ ಮುಂಚಿತವಾಗಿ ಶುಭಾಶಯ ಹೇಳುವುದನ್ನು ಜರ್ಮನ್ನರು ಅಪಶಕುನವೆಂದು ಭಾವಿಸುತ್ತಾರೆ. ನವೆಂಬರ್‌ನಲ್ಲಿ ಅಲ್ಲಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ, ನೀವು ಶುಕ್ರವಾರ ಬೆಳಗಿನ ಜಾವ 4.30ಕ್ಕೆ ಎದ್ದು ಕಾಫಿ ಫಿಲ್ಟರಿಗೆ ಬಿಸಿನೀರು ಸುರಿಯುವಾಗ ಅಲ್ಲಿ ಸರಿಯಾಗಿ ಹನ್ನೆರಡಾಗಿರುತ್ತದೆ. ಆಗಲೇ ಫೋನ್ ಮಾಡಿ ಹರಸಿರಿ. ಊಟ ಮುಗಿಸಿ ಮನೆ ಸೇರಿದೊಡನೆ ಒಂದು ಸಂದೇಶ ಕಳುಹಿಸುವಂತೆಯೂ ಆಗಲೇ ಹೇಳಿಡಿ; ಅವಳ ರಾತ್ರಿ ಒಂದು ಗಂಟೆ ನಿಮಗೆ ಬೆಳಿಗ್ಗೆ 5.30.