ತಬಲಾ ಸಾಥಿಯಾಗಿ ಸಂಸಾರ ನಡೆಸಬಹುದೇ?

ಪದವಿ ಮುಗಿದ ಮೇಲೆ ಹಾಡುವವರ ಜೊತೆ ತಬಲಾ ನುಡಿಸುವ ಸಾಥಿಯಾಗಿಯೇ ಬದುಕಬೇಕೆಂದಿದ್ದೇನೆ, ಮನೆಯವರು ಒಪ್ಪುತ್ತಿಲ್ಲ, ಇದರಲ್ಲಿ ಸಂಸಾರ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಜಮಖಂಡಿಯಲ್ಲಿದ್ದುಕೊಂಡು 22 ವರ್ಷಗಳಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ನಡೆಯುತ್ತದೆ, ಆದರೆ ಹನ್ನೆರಡು ತಿಂಗಳೂ ಒಂದೇ ರೀತಿಯಾಗಿ ನಡೆಯುವುದಿಲ್ಲ.

ಸಂಕ್ರಾಂತಿಯಿಂದ ಬಸವ ಜಯಂತಿಯವರೆಗೆ ಜಾತ್ರೆಗಳ ಕಾಲ. ಊರೂರಿನ ನಾಟಕ, ಶ್ರೀಕೃಷ್ಣ ಪಾರಿಜಾತದ ಬಯಲಾಟ ಆಡುವ ಮೇಳ, ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳು ಎಂದು ಓಡಾಡುವುದರಲ್ಲಿ ಮನೆಯಲ್ಲಿ ಮಲಗುವ ರಾತ್ರಿಗಳೇ ಕಡಿಮೆ. ಆಷಾಢದಲ್ಲಿ ಮದುವೆಯಿಲ್ಲ, ಜಾತ್ರೆಯಿಲ್ಲ. ಆ ತಿಂಗಳ ಕಿರಾಣಿಯ ಹಣವನ್ನು ಯುಗಾದಿಯ ಹೊತ್ತಿಗೇ ತೆಗೆದಿಡಬೇಕು. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಪಾಠ ಹೇಳಿದರೆ ತಿಂಗಳಿಗಿಷ್ಟು ಎಂದು ತಪ್ಪದೆ ಬರುತ್ತದೆ.

ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ ಪ್ರವಚನ ಹಚ್ಚುತ್ತಾರೆ. ಪ್ರವಚನ ಹೇಳುವ ಶಾಸ್ತ್ರಿಗಳು, ಹಾಡುವ ಗವಾಯಿಗಳು, ತಬಲಾದವರು ತಿಂಗಳಿಡೀ ಅದೇ ಊರಿನಲ್ಲಿರುತ್ತೇವೆ. ಪುರಾಣ ಮುಗಿಯುವ ಮಂಗಲದ ದಿನ ಶಾಲು ಹೊದಿಸಿ ಕಾಣಿಕೆ ಕೊಡುತ್ತಾರೆ. ಸಾಥ್ ಎಂದರೆ ಏನು ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಮೊದಲ ವಾರ ಕಾಳಿ ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡಿದ ಗವಾಯಿಗಳ ಕಂಠ ದಿನಾಲೂ ಹಾಡಿ ದಣಿದು, ಮೂರನೆಯ ವಾರಕ್ಕೆ ಕಾಳಿ ಒಂದಕ್ಕೆ ಇಳಿದಿರುತ್ತದೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹಾರ್ಮೋನಿಯಂ ಮೇಲೆ ಅವರ ಬೆರಳು ಎಲ್ಲಿ ಕೂತಿತೆಂದು ನೋಡಿ ನಾವೇ ಆ ಶ್ರುತಿಯ ಇನ್ನೊಂದು ತಬಲಾವನ್ನು ಮುಂದಕ್ಕೆ ಎಳೆದುಕೊಳ್ಳಬೇಕು. ಮಳೆಗಾಲದ ತಂಪಿಗೆ ತೊಗಲು ಸಡಿಲಾಗಿ ಶ್ರುತಿ ಇಳಿಯುತ್ತಲೇ ಇರುತ್ತದೆ. ಪ್ರವಚನದ ನಡುವೆ ಜನ ಜಯಕಾರ ಹಾಕಿದಾಗ ಆ ಸದ್ದಿನಲ್ಲಿಯೇ ತಬಲಾದ ಬಾರುಗಳ ಕೆಳಗಿನ ಮರದ ತುಂಡಿಗೆ, ಅಂದರೆ ಗಟ್ಟಾಕ್ಕೆ, ಸುತ್ತಿಗೆಯಿಂದ ಎರಡು ಏಟು ಹಾಕಿ, ಮುಂದಿನ ಪದ್ಯಕ್ಕೆ ಸ್ವರ ಹಿಡಿಯುವುದರೊಳಗೆ ಹದ ಮಾಡಿಕೊಳ್ಳಬೇಕು.

ಜಾನಪದ ಹಾಡುಗಳ ರೆಕಾರ್ಡಿಂಗ್ ಈಗ ಬಹಳ ನಡೆಯುತ್ತದೆ, ಆದರೆ ಢೋಲಕಿಯ ಕೆಲಸವನ್ನು ಹೆಚ್ಚಿನ ಪಾಲು ಕಂಪ್ಯೂಟರಿನ ಲೂಪ್‌ಗಳೇ ನುಂಗಿವೆ. ಒಂದು ಸ್ಟುಡಿಯೋದವರು ಹನ್ನೊಂದು ಹಾಡು ನುಡಿಸಿಕೊಂಡು ಹಣ ಕೊಡಲಿಲ್ಲ. ಅಂದಿನಿಂದ ಹೆಡ್‌ಫೋನ್ ಹಾಕಿಕೊಳ್ಳುವ ಮೊದಲೇ ಅರ್ಧ ಹಣ ಪಡೆಯುತ್ತೇನೆ. ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ 58 ವರ್ಷ ತುಂಬಬೇಕು, ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಂದು ಬಗೆಯ ನುಡಿಸುವಿಕೆಯಿದೆ, ಅದಕ್ಕೆ ಹಣವಿಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ಮಣ್ಣು ಕೊಡುವವರೆಗೆ ರಾತ್ರಿಯಿಡೀ ಭಜನೆ ಮಾಡುತ್ತಾರೆ. ನಮ್ಮ ತಂದೆ ತೀರಿಕೊಂಡ ರಾತ್ರಿ ನಾನು ಬೆಳಗಾವಿಯಲ್ಲಿ ರೆಕಾರ್ಡಿಂಗಿನಲ್ಲಿದ್ದೆ. ನಸುಕಿನಲ್ಲಿ ಮನೆ ಮುಟ್ಟಿದಾಗ ಓಣಿಯ ಹಿರಿಯರೊಬ್ಬರು ನನ್ನ ಹಳೆಯ ತಬಲಾ, ಡಗ್ಗಾ ಮುಂದಿಟ್ಟುಕೊಂಡು, ಠೇಕಾ ತಪ್ಪಿದರೂ ನಿಲ್ಲಿಸದೆ ನುಡಿಸುತ್ತಿದ್ದರು. ಅವರು ತಬಲಾ ಕಲಿತವರಲ್ಲ. ನನ್ನನ್ನು ಕಂಡು ಎದ್ದು ಜಾಗ ಬಿಟ್ಟರು. ನಾನು ಕುಳಿತು, ಬೆಳಕು ಹರಿಯುವವರೆಗೆ ನುಡಿಸಿದೆ. ಆಮೇಲೆ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ, ಊರಲ್ಲಿದ್ದರೆ ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಬೇರೆಯವರನ್ನು ಕಳಿಸಿ ನಾನು ಅಲ್ಲಿಗೆ ಹೋಗುತ್ತೇನೆ. ಇದರಿಂದ ಕೆಲವು ಕಾರ್ಯಕ್ರಮಗಳು ಕೈತಪ್ಪಿವೆ, ನನಗೆ ಪಶ್ಚಾತ್ತಾಪವಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಕಾರ್ಯಕ್ರಮಗಳನ್ನು ಬರೆಯುವವಳು ನನ್ನ ಹೆಂಡತಿ. ಮಗಳ ಶಾಲೆಯ ದಿನಗಳಿಗೂ, ಸೋಮವಾರದ ಓಣಿಯ ಭಜನೆಗೂ ಆಕೆ ಮೊದಲೇ ಗೆರೆ ಎಳೆದಿರುತ್ತಾಳೆ. ಉಳಿದ ದಿನಗಳನ್ನಷ್ಟೇ ನಾನು ಹೊರಗಿನವರಿಗೆ ಕೊಡುತ್ತೇನೆ.

ಮನೆಯವರೊಡನೆ ಈಗ ವಾದಕ್ಕೆ ಇಳಿಯಬೇಡಿ. ಬರುವ ಶ್ರಾವಣದಲ್ಲಿ ಹತ್ತಿರದ ಯಾವುದಾದರೂ ಮಠದ ಪುರಾಣಕ್ಕೆ ಒಂದು ತಿಂಗಳು ಪೂರ್ತಿ ಸಾಥ್ ಮಾಡಿ. ಮಂಗಲದ ದಿನ ಬಂದ ಕಾಣಿಕೆಯನ್ನು ತಾಯಿಯ ಕೈಯಲ್ಲಿಟ್ಟು, ಆಮೇಲೆ ಮಾತು ತೆಗೆಯಿರಿ.